ಮಗು ಟೆಕ್ಸಾಸ್‌ನ ಹೊರಗಿರುವಾಗ ವಿಡಿಯೊ ಥೆರಪಿ ಇರುವುದಿಲ್ಲ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಆಸ್ಟಿನ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳ ಆಟಿಸಂ ಇರುವ ಮಕ್ಕಳಿಗೆ ನಾವು ನೀಡುತ್ತಿರುವ ಎಬಿಎ ಥೆರಪಿಯಲ್ಲಿ (ಮಗುವಿನ ವರ್ತನೆಯನ್ನು ಗಮನಿಸಿ ಹಂತ ಹಂತವಾಗಿ ಕೌಶಲ ಕಲಿಸುವ ವಿಧಾನ) ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಒಂದು ಬದಲಾವಣೆ ಜಾರಿಗೆ ಬರುತ್ತದೆ. ಮಗು ಟೆಕ್ಸಾಸ್‌ನ ಹೊರಗಿರುವ ದಿನಗಳಲ್ಲಿ ನಾವು ವಿಡಿಯೊ ಮೂಲಕ ಥೆರಪಿ ನಡೆಸುವುದಿಲ್ಲ. ಮಗು ಇರುವ ರಾಜ್ಯದಲ್ಲೂ ಕೆಲಸ ಮಾಡಲು ನಮ್ಮ ವರ್ತನಾ ವಿಶ್ಲೇಷಕರಿಗೆ ಕಾನೂನಿನ ಅನುಮತಿ ಇದ್ದರೆ ಮಾತ್ರ ಮುಂದುವರಿಸುತ್ತೇವೆ.

‘ನಿಮ್ಮವರು ಬಿಸಿಬಿಎ ಅಲ್ಲವೇ, ಅದು ಎಲ್ಲ ಕಡೆ ನಡೆಯುವುದಿಲ್ಲವೇ’ ಎಂದು ಹಲವರು ಕೇಳಿದ್ದೀರಿ. ಬಿಸಿಬಿಎ ಎಂಬುದು 1998ರಲ್ಲಿ ಆರಂಭವಾದ ಖಾಸಗಿ ಮಂಡಳಿಯೊಂದು ವರ್ತನಾ ವಿಶ್ಲೇಷಕರಿಗೆ ಕೊಡುವ ಪ್ರಮಾಣಪತ್ರ. ಸ್ನಾತಕೋತ್ತರ ಪದವಿ ಪಡೆದು, ಹಿರಿಯರ ಮೇಲ್ವಿಚಾರಣೆಯಲ್ಲಿ ನಿಗದಿತ ಗಂಟೆಗಳಷ್ಟು ಕೆಲಸ ಮಾಡಿ, ಪರೀಕ್ಷೆ ಪಾಸಾದವರಿಗೆ ಅದು ಸಿಗುತ್ತದೆ. ವೃತ್ತಿ ನಡೆಸಲು ಅನುಮತಿ ಕೊಡುವ ಅಧಿಕಾರ ಮಾತ್ರ ಆಯಾ ರಾಜ್ಯದ್ದು. ಟೆಕ್ಸಾಸ್ ಶಾಸನಸಭೆ 2017ರಲ್ಲಿ ಇದಕ್ಕೊಂದು ಕಾನೂನು ಮಾಡಿದ್ದು, 2018ರ ಸೆಪ್ಟೆಂಬರ್ 1ರಿಂದ ಇಲ್ಲಿ ಲೈಸೆನ್ಸ್ ಕಡ್ಡಾಯವಾಗಿದೆ. ಎಲೆಕ್ಟ್ರಿಷಿಯನ್ನರಿಗೂ ಕ್ಷೌರಿಕರಿಗೂ ಪರವಾನಗಿ ಕೊಡುವ ಟಿಡಿಎಲ್‌ಆರ್ ಎಂಬ ರಾಜ್ಯ ಇಲಾಖೆಯೇ ಬೆರಳಚ್ಚಿನ ಮೂಲಕ ಅರ್ಜಿದಾರರ ಹಿನ್ನೆಲೆ ಪರಿಶೀಲಿಸಿ ಇದನ್ನೂ ಕೊಡುತ್ತದೆ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಕೆಲಸದಲ್ಲಿ ಲೋಪ ಕಂಡರೆ ನೀವು ದೂರು ಕೊಡಬಹುದಾದ ಜಾಗವೂ ಅದೇ. ಮಾತು ಬಾರದ ಮಗುವೊಂದನ್ನು ನಮ್ಮ ಕೈಗೆ ಒಪ್ಪಿಸುವ ತಂದೆತಾಯಿಗೆ ಇಂಥದೊಂದು ಬಾಗಿಲು ಇರಲೇಬೇಕು ಎಂದು ನಾವು ಮನಸಾರೆ ನಂಬುತ್ತೇವೆ.

ವಿಶ್ಲೇಷಕರು ಆಸ್ಟಿನ್‌ನಲ್ಲೇ ಕುಳಿತು ಮಾತಾಡಿದರೂ, ಸೆಷನ್ ಸಮಯದಲ್ಲಿ ಮಗು ಯಾವ ರಾಜ್ಯದಲ್ಲಿದೆಯೋ ಅಲ್ಲಿಯ ನಿಯಮಗಳಿಗೂ ಬದ್ಧರಾಗಬೇಕಾಗುತ್ತದೆ. ಇದನ್ನು ನಾವು ತಡವಾಗಿ ಅರಿತೆವು. ನ್ಯೂಜೆರ್ಸಿಗೆ ಮನೆ ಬದಲಿಸಿದ ಒಂದು ಕುಟುಂಬಕ್ಕೆ, ಆ ರಾಜ್ಯವೂ 2020ರ ಜನವರಿಯಲ್ಲಿ ಲೈಸೆನ್ಸ್ ಕಾನೂನು ತಂದಿದ್ದನ್ನು ಗಮನಿಸದೆ, ಕೆಲವು ವಾರ ವಿಡಿಯೊ ಥೆರಪಿ ಮುಂದುವರಿಸಿದ್ದೆವು. ಅದು ನಮ್ಮದೇ ತಪ್ಪು. ಆ ಕುಟುಂಬದ ಕ್ಷಮೆ ಕೇಳಿ, ಪಡೆದ ಹಣವನ್ನು ಹಿಂದಿರುಗಿಸಿದ್ದೇವೆ.

ಬೇಸಿಗೆ ರಜೆಗೆ ಊರಿಗೆ ಹೋಗುವವರಿಗೆ ಈ ಬದಲಾವಣೆ ಹೆಚ್ಚು ತೊಂದರೆ ಕೊಡಬಹುದು. ಟೆಕ್ಸಾಸ್ ಲೈಸೆನ್ಸಿಗೆ ಭಾರತದಲ್ಲಿ ಬೆಲೆಯಿಲ್ಲ. ಅಲ್ಲಿಗೆ ಅಲ್ಲಿಯದೇ ಕಾನೂನಿದೆ: 2021ರ ಸಹಾಯಕ ಆರೋಗ್ಯ ವೃತ್ತಿಗಳ ಕೇಂದ್ರ ಕಾಯ್ದೆ ವರ್ತನಾ ವಿಶ್ಲೇಷಕರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆದ್ದರಿಂದ ಪ್ರಯಾಣದ ದಿನಾಂಕವನ್ನು ಮೂರು ವಾರ ಮೊದಲೇ ತಿಳಿಸಿದರೆ, ಮಗು ನೀರಿಗಾಗಿ ಚಿತ್ರದ ಕಾರ್ಡ್ ತೋರಿಸಿದಾಗ ಏನು ಮಾಡಬೇಕು, ಮದುವೆಮನೆಯ ಗದ್ದಲಕ್ಕೆ ಕಿವಿ ಮುಚ್ಚಿಕೊಂಡರೆ ಎಲ್ಲಿಗೆ ಕರೆದೊಯ್ಯಬೇಕು ಎಂಬಂಥ ವಿವರಗಳನ್ನು ಅಜ್ಜಿ ತಾತ ಓದಿಕೊಳ್ಳುವ ಹಾಗೆ ಕನ್ನಡದಲ್ಲಿ ಬರೆದುಕೊಡುತ್ತೇವೆ; ನೀವು ಮರಳಿದ ವಾರವೇ ಮಗುವನ್ನು ಮತ್ತೆ ನೋಡುತ್ತೇವೆ. ವಿಮೆಯಲ್ಲಿ ಮಂಜೂರಾದ ಗಂಟೆಗಳಿಗೆ ಅವಧಿ ಇರುವುದರಿಂದ ವಿಮಾ ಕಂಪನಿಗೂ ಮುಂಚಿತವಾಗಿ ತಿಳಿಸುವುದು ಒಳ್ಳೆಯದು.

ಕಾಯಂ ಆಗಿ ಕರ್ನಾಟಕಕ್ಕೆ ಮರಳುವವರು, ಬಿಸಿಬಿಎ ಪ್ರಮಾಣಪತ್ರ ಕೊಡುವ ಮಂಡಳಿ 2023ರ ಜನವರಿ 1ರಿಂದ ಭಾರತದ ನಿವಾಸಿಗಳಿಂದ ಹೊಸ ಅರ್ಜಿ ಸ್ವೀಕರಿಸುತ್ತಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಬಿಸಿಬಿಎಯನ್ನೇ ಹುಡುಕುವ ಬದಲು ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಆರಂಭಿಸಿ ಎಂದು ಸಲಹೆ ಕೊಡುತ್ತೇವೆ. ಮಗುವಿನ ದಾಖಲೆಗಳನ್ನೆಲ್ಲ ನಿಮ್ಮ ಕೈಗೆ ಕೊಡುತ್ತೇವೆ.

ಟೆಕ್ಸಾಸ್‌ನೊಳಗಿನ ಸೇವೆ ಈಗಿನಂತೆಯೇ ಇರುತ್ತದೆ. ಮನೆಗೆ ಬಂದು ಮಗುವಿನೊಂದಿಗೆ ನೇರವಾಗಿ ಥೆರಪಿ ನಡೆಸುವ ಸಹಾಯಕರಾದ ಆರ್‌ಬಿಟಿಗಳು 40 ಗಂಟೆಗಳ ತರಬೇತಿ ಪಡೆದವರು. ಲೈಸೆನ್ಸ್ ಇರುವ ವಿಶ್ಲೇಷಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದರಿಂದ ಅವರಿಗೆ ಬೇರೆ ಲೈಸೆನ್ಸ್ ಬೇಕಿಲ್ಲ. ಇನ್ನು ಮುಂದೆ ನಮ್ಮ ಪ್ರತಿ ವರದಿಯ ಕೊನೆಯಲ್ಲಿ ವಿಶ್ಲೇಷಕರ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಟಿಡಿಎಲ್‌ಆರ್ ಜಾಲತಾಣದಲ್ಲಿ ದಯವಿಟ್ಟು ಒಮ್ಮೆ ನೀವೇ ಪರಿಶೀಲಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು, ಆಸ್ಟಿನ್