ನಂಬರಿನ ಗೋರಿಗಳು

ಹಂಟ್ಸ್‌ವಿಲ್, ಟೆಕ್ಸಸ್

ಅಪ್ಪನಿಗೂ ಅವ್ವನಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅವ್ವ ಕಳಿಸಿದ ಶೇಂಗಾ ಚಟ್ನಿ ಮುಗಿಯಿತು. ಮುಗಿಸಿದ್ದು ನಾನೊಬ್ಬಳೇ ಅಲ್ಲ, ರೂಮಿನ ಗೆಳತಿಗೂ ಈಗ ಅದಿಲ್ಲದೆ ಊಟ ಸೇರುವುದಿಲ್ಲ.

ಅಪ್ಪ, ಮೊನ್ನೆ ಫೋನಿನಲ್ಲಿ "ರಜೆಯ ದಿನ ಸ್ಮಶಾನಕ್ಕೆ ಯಾಕೆ ಹೋಗಿದ್ದೆ?" ಎಂದು ಬೈದಿರಿ. ಸುಮ್ನೆ ಹೋಗಿದ್ದಲ್ಲ. ಈ ಊರು ಇರುವುದೇ ಜೈಲಿನಿಂದ. ಪೇಟೆಯ ನಡುವೆ ಕೆಂಪು ಇಟ್ಟಿಗೆಯ ಎತ್ತರದ ಗೋಡೆ, ಅದೇ ಹಳೆಯ ಜೈಲು. ಅಲ್ಲಿ 1924ರಿಂದ 1964ರವರೆಗೆ 361 ಜನರನ್ನು ಕರೆಂಟಿನ ಕುರ್ಚಿಯಲ್ಲಿ ಕೂರಿಸಿ ಕೊಂದರು. ಆ ಕುರ್ಚಿ ಮಾಡಿದವರೂ ಕೈದಿಗಳೇ. ಈಗ ಅದು ಇಲ್ಲಿನ ಮ್ಯೂಸಿಯಮ್ಮಿನಲ್ಲಿದೆ.

ಜೈಲಿನಲ್ಲಿ ಸತ್ತು, ಹೆಣ ಒಯ್ಯಲು ಯಾರೂ ಬರದವರನ್ನು ಮಣ್ಣು ಮಾಡುವ ಜಾಗಕ್ಕೆ ನಾನು ಹೋಗಿದ್ದು. 22 ಎಕರೆ, ಅಂದರೆ ನಮ್ಮ ಹೊಲದಂಥವು ನಾಲ್ಕು. ಸುಮಾರು ಮೂರು ಸಾವಿರ ಜನ ಅಲ್ಲಿ ಮಲಗಿದ್ದಾರೆ. ಶುರುವಿನಲ್ಲಿ ಆ ಜಾಗ ತಮ್ಮದೇ ಅಂದುಕೊಂಡು ಜೈಲಿನವರು ಹೂಳಿದ್ದರಂತೆ, ಆದರೆ ಅದು ಬೇರೆಯವರ ಜಮೀನು! 1855ರಲ್ಲಿ ಮಾಲೀಕರು ಅದನ್ನು ಸರ್ಕಾರಕ್ಕೇ ಬರೆದುಕೊಟ್ಟರು. ನಮ್ಮ ಕಡೆ ಆಗಿದ್ದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತಿದ್ದರು, ಅಲ್ವಾ?

ಆಮೇಲೆ ನೂರು ವರ್ಷ ಹೂಳಿದ್ದೇ ಹೂಳಿದ್ದು, ನೋಡಿಕೊಂಡವರಿಲ್ಲ. ಗಿಡಗಂಟಿ ಬೆಳೆದು, ಮರದ ಶಿಲುಬೆಗಳು ಕೊಳೆತು ಬಿದ್ದವು. ಜನ ಅದನ್ನು ಪೆಕರ್‌ವುಡ್ ಹಿಲ್ ಎನ್ನುತ್ತಿದ್ದರು. ಬಡ ಬಿಳಿಯರನ್ನು ಹೀಯಾಳಿಸುವ ಮಾತಂತೆ ಅದು. ಸತ್ತ ಮೇಲೂ ಬೈಗುಳ ತಪ್ಪಲಿಲ್ಲ ನೋಡಿ.

1962ರಲ್ಲಿ ಜೈಲಿನ ಸಹಾಯಕ ವಾರ್ಡನ್ ಕ್ಯಾಪ್ಟನ್ ಜೋ ಬರ್ಡ್ ಕೈದಿಗಳನ್ನು ಕರೆದುಕೊಂಡು ಹೋಗಿ ಕಂಟಿ ಕಡಿಸಿದರು. 900ಕ್ಕೂ ಜಾಸ್ತಿ ಗೋರಿ ಸಿಕ್ಕವು. ಅದರಲ್ಲಿ 300ಕ್ಕೂ ಜಾಸ್ತಿ ಯಾರವು ಎಂದೇ ಗೊತ್ತಾಗಲಿಲ್ಲ. ಆದರೂ ಅವುಗಳಿಗೂ ಒಂದೊಂದು ಶಿಲುಬೆ ನಿಲ್ಲಿಸಿದರು. ಈಗ ಆ ಜಾಗಕ್ಕೆ ಬರ್ಡ್ ಅವರದೇ ಹೆಸರು. ಅದೊಂದು ನನಗೆ ಸರಿ ಕಾಣಲಿಲ್ಲ. ಒಳಗಿರುವ ಎಷ್ಟೋ ಜನರಿಗೆ ಹೆಸರಿಲ್ಲ, ಗೇಟಿಗೆ ಮಾತ್ರ ಸಾಹೇಬರ ಹೆಸರು. ಬಿಸಿಲಲ್ಲಿ ಕಂಟಿ ಕಡಿದ ಕೈದಿಗಳ ಹೆಸರೂ ಅಲ್ಲಿಲ್ಲ.

ಹಳೆಯ ಕಲ್ಲುಗಳ ಮೇಲೆ ಕೈದಿಯ ನಂಬರು, ಸತ್ತ ತಾರೀಖು, ಅಷ್ಟೇ. ಕೆಲವದರ ಮೇಲೆ ಎಕ್ಸ್ ಗುರುತಿದೆ. ಅಂದರೆ ಮರಣದಂಡನೆ ಆದವರು. ಈಗ ಹೆಸರು ಹಾಕುತ್ತಾರೆ. ಕಲ್ಲನ್ನು ಸಿಮೆಂಟಿನಲ್ಲಿ ಎರಕ ಹೊಯ್ಯುವವರು, ಕುಣಿ ತೋಡುವವರು, ಪೆಟ್ಟಿಗೆಗೆ ಹೆಗಲು ಕೊಡುವವರು, ಹುಲ್ಲು ಕತ್ತರಿಸುವವರು ಎಲ್ಲರೂ ಕೈದಿಗಳೇ. ಮನೆಯವರು ಬರದಿದ್ದರೆ ಪಾದ್ರಿಯ ಜೊತೆ ತಲೆ ತಗ್ಗಿಸಿ ನಿಲ್ಲುವವರೂ ಅವರೇ. ಮನೆಯವರು ಬರುವುದೂ ಉಂಟು. ಇಲ್ಲಿ ಮಣ್ಣು ಮಾಡುವ ಖರ್ಚು ವಿಪರೀತ. ಹಣವಿಲ್ಲದೆ ಹೆಣವನ್ನು ಜೈಲಿಗೇ ಬಿಟ್ಟು, ಬಂದು ಅತ್ತು ಹೋಗುತ್ತಾರೆ. "ಯಾರಿಗೂ ಬೇಡವಾದವರು" ಎಂದು ನಾನು ಮೊದಲು ಅಂದುಕೊಂಡಿದ್ದು ಪೂರ್ತಿ ನಿಜ ಅಲ್ಲ.

ಒಬ್ಬರನ್ನಂತೂ 85 ವರ್ಷ ಬಿಟ್ಟು ಬಂದು ಕರೆದೊಯ್ದರು. ಇಲ್ಲಿನ ಮೂಲನಿವಾಸಿಗಳಾದ ಕಯೋವಾ ಬುಡಕಟ್ಟಿನ ನಾಯಕ ಸತಾಂತಾ 1878ರಲ್ಲಿ ಜೈಲಿನ ಆಸ್ಪತ್ರೆಯ ಕಿಟಕಿಯಿಂದ ಬಿದ್ದು ಸತ್ತರು. 1963ರಲ್ಲಿ ಅವರ ಮೊಮ್ಮಗ ಅನುಮತಿ ಪಡೆದು, ಅಸ್ಥಿಯನ್ನು ಒಕ್ಲಹೋಮಾದ ಫೋರ್ಟ್ ಸಿಲ್‌ಗೆ, ತಮ್ಮವರ ನಡುವೆ ಒಯ್ದರು.

ಅದನ್ನು ಕೇಳಿದಾಗ ನಮ್ಮ ಹೊಲದ ಬದುವಿನ ಮೇಲಿರುವ ಅಜ್ಜನ ಸಮಾಧಿ ನೆನಪಾಯಿತು. ಅದರ ಮೇಲೂ ಹೆಸರಿಲ್ಲ. ನೀವು ಪ್ರತಿ ಅಮಾವಾಸ್ಯೆಗೆ ಹುಲ್ಲು ಕಿತ್ತು, ವಿಭೂತಿ ಹಚ್ಚಿ, ಎಡೆ ಇಡುತ್ತೀರಿ. ಹೆಸರು ಯಾಕೆ ಬೇಕು ಅನ್ನಿಸುತ್ತಿತ್ತು. ಅಲ್ಲಿ ಮೂರು ಕಲ್ಲುಗಳಿವೆ ಅಲ್ವಾ ಅಪ್ಪ? ಒಂದು ಅಜ್ಜನದು, ಪಕ್ಕದ್ದು ಅಜ್ಜಿಯದು. ಬೇವಿನ ಮರದ ಬುಡದಲ್ಲಿ ಅರ್ಧ ಹೂತುಹೋಗಿರುವ ಆ ಚಿಕ್ಕ ಕಲ್ಲು ಯಾರದು? ನಾನು ಸಣ್ಣವಳಿದ್ದಾಗ ಒಮ್ಮೆ ಹೇಳಿದ್ದಿರಿ, ಮರೆತುಬಿಟ್ಟಿದ್ದೇನೆ. ತಮ್ಮನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ.

ಫೋನಿನಲ್ಲಿ ಹೇಳಬೇಡಿ. ಬರೆದು ಕಳಿಸಿ.

ನಿಮ್ಮ ಮಗಳು