ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಸಿಂಥಸೈಜರ್ ಯಾಕಾಗಬಾರದು?

ಸಂಪಾದಕರಿಗೆ ನಮಸ್ಕಾರ.

ನಗರದಲ್ಲಿ ನಡೆದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರದರ್ಶನದ ಸುದ್ದಿ ನಿಮ್ಮಲ್ಲಿ ಬಂದಿತ್ತು. ನಾನೂ ಹೋಗಿ ನೋಡಿದೆ. ಗಿಡಕ್ಕೆ ತಾನೇ ನೀರು ಬಿಡುವ ಪಂಪು, ಗೆರೆ ಹಿಡಿದು ಓಡುವ ರೋಬೋ, ಮೊಬೈಲಿನಿಂದ ಹತ್ತುವ ಲೈಟು. ಹೋದ ವರ್ಷವೂ ಇವೇ. ಕೆಲವರಂತೂ ರೆಡಿಮೇಡ್ ಕಿಟ್ ತಂದು ಮೇಲೆ ಹೆಸರು ಅಂಟಿಸಿದ್ದರು, ಈ ವೈರ್ ಇಲ್ಲಿಗ್ಯಾಕೆ ಬಂತು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ಸುಮ್ನೆ ಹುಡುಗರನ್ನು ಬೈದು ಏನು ಬಂತು? ಬೇರೆ ವಿಷಯ ತಂದರೆ ಗೈಡ್ ಒಪ್ಪಬೇಕಲ್ಲ.

ನಾನು ಆಂಪ್ಲಿಫೈಯರ್ ರಿಪೇರಿ ಮಾಡುವವನು. ನನ್ನದೊಂದು ಸಲಹೆ. ವಿದ್ಯುತ್ ಸರ್ಕ್ಯೂಟಿನಿಂದಲೇ ಸ್ವರ ಹುಟ್ಟಿಸುವ ಹಳೇ ನಮೂನೆಯ ವಾದ್ಯ ಅನಲಾಗ್ ಸಿಂಥಸೈಜರನ್ನು ಮನೆಯ ಕಂಪ್ಯೂಟರಿನಿಂದ ನುಡಿಸುವ ಸರ್ಕ್ಯೂಟನ್ನು ಹುಡುಗರೇ ಕೂತು ಬೆಸುಗೆ ಹಾಕಿ ಮಾಡಲಿ.

ಕೆಲಸ ಕೇಳಲು ಸುಲಭ. ಸಿಂಥಸೈಜರ್ ತಯಾರಿಸಿದ ಅಮೆರಿಕದ ರಾಬರ್ಟ್ ಮೂಗ್ 1960ರ ದಶಕದಲ್ಲಿ ಹಾಕಿಕೊಟ್ಟ ಪದ್ಧತಿಯಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸಪ್ತಕ ಏರುತ್ತದೆ. ಕಂಪ್ಯೂಟರ್ ಅಂಕಿ ಕಳಿಸುತ್ತದೆ, ಆರ್ಡುಯಿನೊ ಅನ್ನುವ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್ ಅದನ್ನು ಎಂಸಿಪಿ4822 ಎಂಬ ಎಂಟು ಕಾಲಿನ ಐಸಿಗೆ ದಾಟಿಸುತ್ತದೆ, ಐಸಿ ಅದಕ್ಕೆ ತಕ್ಕ ವೋಲ್ಟೇಜ್ ಕೊಡುತ್ತದೆ. ಸೊನ್ನೆಯಿಂದ ಸುಮಾರು 4 ವೋಲ್ಟ್, ಒಂದೊಂದೇ ಮಿಲಿವೋಲ್ಟ್ ಮೆಟ್ಟಿಲು. ಅಂದರೆ ನಾಲ್ಕು ಸಪ್ತಕ. ಸ್ವರ ಯಾವಾಗ ಶುರು, ಯಾವಾಗ ನಿಲ್ಲಬೇಕು ಅಂತ ಹೇಳಲು ಗೇಟ್ ಅನ್ನುವ ಇನ್ನೊಂದು ವೈರ್. ಖರ್ಚು ರೆಡಿಮೇಡ್ ಕಿಟ್‌ಗಿಂತ ಜಾಸ್ತಿ ಆಗುವುದಿಲ್ಲ.

ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ವಾದ್ಯದ ಕೀಬೋರ್ಡಿನಲ್ಲಿ ಸಪ್ತಕಕ್ಕೆ ಹನ್ನೆರಡು ಮನೆ ಸಮ ಸಮ, ಒಂದಕ್ಕೆ 83.3 ಮಿಲಿವೋಲ್ಟ್. ಷಡ್ಜದಿಂದ ಹಿಂದುಸ್ತಾನಿಯ ಶುದ್ಧ ಗಾಂಧಾರ 333 ಮಿಲಿವೋಲ್ಟ್‌ಗೆ ಬಂದು ಕೂರುತ್ತದೆ. ಆದರೆ ತಂಬೂರಿ ಜೊತೆ ಬೆರೆಯುವ ಗಾಂಧಾರ ಇರುವುದು 322ರಲ್ಲಿ. ಈ ಹನ್ನೊಂದು ಮಿಲಿವೋಲ್ಟ್ ಹಾಡುವವರ ಕಿವಿಗೆ ಚುಚ್ಚುತ್ತದೆ. (ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿದ್ದರು, ಇಂಥ ದೂರೂ ಅದರ ಮೇಲೆ ಇತ್ತು.) ಇಲ್ಲಿ ಪ್ರೋಗ್ರಾಂನಲ್ಲಿ ಒಂದು ಅಂಕಿ ತಿದ್ದಿದರೆ ಮುಗೀತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬೇಕಾದರೆ ಅಂಕಿಯನ್ನು ಮೆಲ್ಲಗೆ ಜಾರಿಸಿದರಾಯಿತು.

ಇನ್ನು ನಮ್ಮ ಕಲಬುರಗಿಯ ಬಿಸಿಲು. ಈ ವಾದ್ಯದಲ್ಲಿ ಸ್ವರ ಹುಟ್ಟಿಸುವ ಭಾಗವಾದ ಆಸಿಲೇಟರಿನಲ್ಲಿ ವೋಲ್ಟೇಜನ್ನು ಸಪ್ತಕದ ಲೆಕ್ಕಕ್ಕೆ ತರುವುದು ಟ್ರಾನ್ಸಿಸ್ಟರ್. ಅದಕ್ಕೆ ಸೆಖೆ ಆಗಿಬರುವುದಿಲ್ಲ. ಬಿಸಿ ಸರಿದೂಗಿಸುವ ರೆಸಿಸ್ಟರ್ ಹಾಕದಿದ್ದರೆ ಒಂದು ಡಿಗ್ರಿಗೆ ಸುಮಾರು ಶೇ 0.33ರಷ್ಟು ಅಳತೆ ತಪ್ಪುತ್ತದೆ. ಬೆಳಿಗ್ಗೆ 28 ಡಿಗ್ರಿಯಲ್ಲಿ ಶ್ರುತಿ ಮಾಡಿಟ್ಟದ್ದು ಮಧ್ಯಾಹ್ನ 40ಕ್ಕೆ ಮೂರು ಸಪ್ತಕ ಮೇಲೆ ಹೋಗುವಷ್ಟರಲ್ಲಿ ಒಂದು ಮನೆಗಿಂತ ಜಾಸ್ತಿ ಕೆಳಗೆ ಬಿದ್ದಿರುತ್ತದೆ. ಬೆಂಗಳೂರಿನ ತಂಪಿನಲ್ಲಿ ಕೂತವರಿಗೆ ಈ ತಲೆನೋವು ಇಷ್ಟು ಇರಲಿಕ್ಕಿಲ್ಲ, ಅಲ್ವಾ? ಕಂಪ್ಯೂಟರ್ ಇದ್ದರೆ ಇದಕ್ಕೂ ದಾರಿಯಿದೆ. ಆಸಿಲೇಟರಿನ ಕಂಪನವನ್ನು ವಾಪಸ್ ಆರ್ಡುಯಿನೊಗೆ ಕೊಟ್ಟು ಎಣಿಸುವುದು, ಎಷ್ಟು ತಪ್ಪಿದೆಯೋ ಅಷ್ಟು ವೋಲ್ಟೇಜ್ ತಿದ್ದಿ ಕಳಿಸುವುದು. 1978ರ ಪ್ರಾಫೆಟ್-5 ಅನ್ನುವ ಸಿಂಥಸೈಜರಿನಲ್ಲೇ ಒಂದು ಝಡ್80 ಚಿಪ್ ತಾನಾಗಿ ಶ್ರುತಿ ಮಾಡುತ್ತಿತ್ತು.

ಗಣಿತ, ಆಪ್-ಆಂಪ್ ಅನ್ನುವ ಆಂಪ್ಲಿಫೈಯರ್ ಐಸಿ, ಪ್ರೋಗ್ರಾಂ, ಸಂಗೀತ ಎಲ್ಲ ಇದರಲ್ಲೇ ಬಂತು. ಕಲಬುರಗಿ, ಬೀದರ್, ಯಾದಗಿರಿಯ ಮೇಷ್ಟ್ರುಗಳು ಈ ಸಲ ಒಂದು ತಂಡಕ್ಕಾದರೂ ಹೂಂ ಅನ್ನಲಿ. ಪರೀಕ್ಷೆ ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲೇ ಆಗಲಿ. ಶ್ರುತಿ ನಿಂತರೆ ಪೂರ್ತಿ ಅಂಕ ಕೊಡಿ. ನನ್ನ ಹತ್ತಿರ ಒಂದು ಆಸಿಲೇಟರ್ ಬೋರ್ಡ್ ಇದೆ, ಕೇಳಿದ ತಂಡಕ್ಕೆ ಕೊಡುತ್ತೇನೆ. ಸುಟ್ಟರೆ ಮಾತ್ರ ಟ್ರಾನ್ಸಿಸ್ಟರ್ ಅವರೇ ಹಾಕಿಸಿ ಕೊಡಬೇಕು.

– ಒಬ್ಬ ಓದುಗ, ಜೇವರ್ಗಿ ರಸ್ತೆ, ಕಲಬುರಗಿ