ಲೆಕ್ಕ ಬಾರದ ಮಕ್ಕಳ ಬಗ್ಗೆ ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಿರುಪರೀಕ್ಷೆಯ ಅಂಕಗಳು ಮನೆ ತಲುಪಿದ ಮೇಲೆ ನಿಮ್ಮಲ್ಲಿ ಹಲವರು ಶಾಲೆಗೆ ಬಂದು ಹೆಚ್ಚುಕಡಿಮೆ ಒಂದೇ ಮಾತು ಹೇಳಿದಿರಿ: "ಕನ್ನಡ, ಸಮಾಜ ಎಲ್ಲ ಓದುತ್ತಾನೆ ಮೇಡಂ, ಲೆಕ್ಕಕ್ಕೆ ಮಾತ್ರ ಮೈಗಳ್ಳತನ. ನಾಲ್ಕು ಬಿಗಿಯಿರಿ, ಸರಿಹೋಗುತ್ತಾನೆ." ಬಿಗಿಯುವುದಿಲ್ಲ. ಹೊಡೆಯುವುದಕ್ಕೆ ಕಾನೂನಿನ ಅಡ್ಡಿ ಇದೆ ಎಂಬುದು ಒಂದು ಕಾರಣ. ಹೊಡೆತದಿಂದ ಹೋಗದ ತೊಂದರೆಯೊಂದಿದೆ ಎಂಬುದು ಇನ್ನೊಂದು. ಅದನ್ನು ತಿಳಿಸಲೆಂದೇ ಈ ಪತ್ರ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ ಹುಡುಗಿಯೊಬ್ಬಳ ವಿಷಯವನ್ನು ಅವಳ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಶಿಡ್ಲಘಟ್ಟದ ಸುತ್ತಲಿನ ಎಷ್ಟೋ ಮನೆಗಳಂತೆ ಅವರದೂ ರೇಷ್ಮೆ ಹುಳು ಸಾಕುವ ಮನೆ. ಹುಳು ಯಾವ ಜ್ವರದಲ್ಲಿದೆ (ಪೊರೆ ಬಿಡುವ ಹಂತಕ್ಕೆ ನಾವು ಹಾಗೆನ್ನುತ್ತೇವೆ), ಸೊಪ್ಪು ಯಾವಾಗ ನಿಲ್ಲಿಸಬೇಕು, ಯಾವುದು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದೆ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ಹೊತ್ತಾಯಿತೇ ಎಂಬುದನ್ನೆಲ್ಲ ನೋಡಿದ ಕೂಡಲೇ ಹೇಳುತ್ತಿದ್ದಳು. ಅದೇ ಹುಡುಗಿಯ ಮುಂದೆ ಐದು ಹುಣಸೆ ಬೀಜ ಇಟ್ಟರೆ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದಳು. ಇನ್ನೊಂದು ಬೀಜ ಸೇರಿಸಿದರೆ 'ಆರು' ಎನ್ನುತ್ತಿರಲಿಲ್ಲ, ಮತ್ತೆ ಒಂದರಿಂದ ಶುರು. ನೂರ ಐದು ಬರೆಯಲು ಹೇಳಿದರೆ 1005 ಎಂದು ಬರೆಯುತ್ತಿದ್ದಳು. ಕೇಳಿಸಿದಂತೆಯೇ ಬರೆದಿದ್ದಾಳೆ: ಮೊದಲು ನೂರು, ಅದರ ಪಕ್ಕದಲ್ಲಿ ಐದು. ರಾತ್ರಿ ತಪ್ಪಿಲ್ಲದೆ ಒಪ್ಪಿಸಿದ ಏಳರ ಮಗ್ಗಿ ಬೆಳಗಾಗುವಷ್ಟರಲ್ಲಿ ಮಾಯ. ಮುಳ್ಳಿನ ಗಡಿಯಾರ ಅವಳಿಗೆ ಒಗಟು. ಅಂಗಡಿಯಲ್ಲಿ ಯಾವಾಗಲೂ ದೊಡ್ಡ ನೋಟನ್ನೇ ಕೊಟ್ಟು, ಚಿಲ್ಲರೆಯನ್ನು ಎಣಿಸದೆ ಮುಷ್ಟಿಯಲ್ಲಿ ಹಿಡಿದು ಬರುತ್ತಿದ್ದಳು. ಎಣಿಸಲು ನಿಂತರೆ ಹಿಂದಿನವರು ನಗುತ್ತಾರೆಂಬ ಭಯ.

ಇದಕ್ಕೆ ಡಿಸ್‌ಕ್ಯಾಲ್ಕುಲಿಯಾ ಎನ್ನುತ್ತಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳ ಪ್ರಕಾರ ನೂರು ಮಕ್ಕಳಲ್ಲಿ ಸುಮಾರು 3ರಿಂದ 7 ಮಕ್ಕಳಿಗೆ ಇದು ಇರುತ್ತದೆ. ಬುದ್ಧಿ ಕಡಿಮೆ ಎಂದು ಅರ್ಥವಲ್ಲ. ಸಂಖ್ಯೆಯನ್ನು ಕಂಡ ತಕ್ಷಣ ಅದು ಎಷ್ಟು ದೊಡ್ಡದು, ಯಾವುದರ ಹತ್ತಿರದ್ದು ಎಂಬ ಅಂದಾಜು ನಮಗೆ ಕೇಳದೆಯೇ ಬರುತ್ತದೆಯಲ್ಲ, ಈ ಮಕ್ಕಳಿಗೆ ಅದು ಬರುವುದಿಲ್ಲ. ಇದು ಹುಟ್ಟಿನಿಂದಲೇ ಇರುವಂಥದ್ದು, ಎಷ್ಟೋ ಸಲ ವಂಶದಲ್ಲಿಯೂ ಇರುತ್ತದೆ. "ನನಗೂ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ" ಎಂದು ತಂದೆಯೊಬ್ಬರು ನಗುತ್ತ ಹೇಳಿದರೆ ನಾನು ಅದನ್ನು ಬರೆದಿಟ್ಟುಕೊಳ್ಳುತ್ತೇನೆ.

ಹಾಗೆಂದು ಲೆಕ್ಕದಲ್ಲಿ ಸೊನ್ನೆ ತಂದವರಿಗೆಲ್ಲ ಇದೇ ಇದೆ ಎಂದುಕೊಳ್ಳಬೇಡಿ. ಕರಿಹಲಗೆ ಕಾಣದ ಮಗು ಇದೆ, ಗೂಡು ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸಿಕೊಂಡು ಹಿಂದೆ ಬಿದ್ದ ಮಗು ಇದೆ. ಮನೆಯಲ್ಲಿ ತೆಲುಗಿನಲ್ಲಿ ಎಣಿಸಿ ಶಾಲೆಯಲ್ಲಿ ಕನ್ನಡದಲ್ಲಿ ತಡಕಾಡುವ ಮಕ್ಕಳಂತೂ ನಮ್ಮಲ್ಲಿ ಬೇಕಾದಷ್ಟು. ಆದ್ದರಿಂದ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸುತ್ತೇವೆ. ಮಗುವಿಗೆ ಒಗ್ಗಿದ ಭಾಷೆಯಲ್ಲಿ ಎಣಿಸಲು ಬಿಡುತ್ತೇವೆ. ಆಮೇಲೂ ಅನುಮಾನ ಉಳಿದರೆ ತಾಲ್ಲೂಕಿನ ಬಿ.ಆರ್.ಸಿ.ಯ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರಿಗೆ ತೋರಿಸಿ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತೇವೆ. ಅಲ್ಲಿಯವರು ನಿಮ್ಹಾನ್ಸ್‌ಗೆ ಹೋಗಿ ಎಂದರೆ ದಯವಿಟ್ಟು ಗಾಬರಿಯಾಗಬೇಡಿ. ಕಲಿಕಾ ನ್ಯೂನತೆ ಪತ್ತೆಹಚ್ಚುವ ಪರೀಕ್ಷೆಯನ್ನೇ ರೂಪಿಸಿದ ಸಂಸ್ಥೆ ಅದು. 'ನಮ್ಮ ಮಗುವಿಗೇನು ಹುಚ್ಚೇ' ಎಂದು ಅರ್ಧ ದಾರಿಯಿಂದ ವಾಪಸು ಬಂದವರಿದ್ದಾರೆ. ನಷ್ಟವಾಗಿದ್ದು ಮಗುವಿಗೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್‌ಕ್ಯಾಲ್ಕುಲಿಯಾ ಅದರಲ್ಲೇ ಸೇರುತ್ತದೆ. ಅದನ್ನು ಬೇಗ ಗುರುತಿಸುವುದು ಶಾಲೆಯ ಕರ್ತವ್ಯವೆಂದೂ ಆ ಕಾಯ್ದೆ ಹೇಳುತ್ತದೆ. ಪ್ರಮಾಣಪತ್ರವನ್ನು ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಕೊಡುತ್ತಾರೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಲು ಅದು ಬೇಕಾಗುತ್ತದೆ. ಹತ್ತನೇ ತರಗತಿಗೆ ಬಂದ ಮೇಲೆ ಓಡಾಡುವ ಬದಲು ಈಗಲೇ ಮಾಡಿಸಿ.

ಶಾಲೆಯಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿಯ ಮಣಿ, ಕಡ್ಡಿಗಳು ನಾಲ್ಕನೇ ತರಗತಿ ಬಂದ ಕೂಡಲೇ ಬೀರು ಸೇರುವುದು ನನಗೆ ಎಂದೂ ಒಪ್ಪಿಗೆಯಾಗಿರಲಿಲ್ಲ. ಇನ್ನು ಮುಂದೆ ಬೇಕೆನಿಸಿದ ಮಗು ಏಳನೇ ತರಗತಿಯಲ್ಲೂ ಅವನ್ನು ಬಳಸಬಹುದು. ಬೆರಳು ಮಡಚಿ ಎಣಿಸಿದರೆ ಯಾರೂ ಗದರುವುದಿಲ್ಲ. ಎಲ್ಲರೆದುರು ನಿಲ್ಲಿಸಿ ಮಗ್ಗಿ ಹೇಳಿಸುವುದನ್ನು ನಿಲ್ಲಿಸಿದ್ದೇವೆ. ಬಿಡಿ, ಹತ್ತು, ನೂರರ ಸ್ಥಾನ ತಪ್ಪದಿರಲೆಂದು ಚೌಕದ ಗೆರೆಯ ಪುಸ್ತಕ ಕೊಡುತ್ತೇವೆ, ಮಗ್ಗಿಯ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಮಾಡಲು ಬಿಡುತ್ತೇವೆ. "ಹಾಗಾದರೆ ಮಗ್ಗಿ ಕಲಿಯುವುದು ಯಾವಾಗ?" ಎಂದು ಕೇಳುವಿರಿ. ಕೆಲವರು ನಿಧಾನವಾಗಿ ಕಲಿಯುತ್ತಾರೆ, ಕೆಲವರಿಗೆ ಕೊನೆಗೂ ಪೂರ್ತಿ ಬಾರದು. ಅದೊಂದು ಬಾರದೆಂದು ಭಿನ್ನರಾಶಿಯನ್ನೂ ಕ್ಷೇತ್ರಫಲವನ್ನೂ ಬಾಗಿಲಾಚೆ ನಿಲ್ಲಿಸುವುದು ನ್ಯಾಯವಲ್ಲ.

ಮನೆಯಲ್ಲಿ ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಂಗಡಿಗೆ ಕಳುಹಿಸುವಾಗ ಹತ್ತು, ಇಪ್ಪತ್ತರ ನೋಟುಗಳನ್ನು ಕೊಟ್ಟು, ಎಷ್ಟು ವಾಪಸು ಬರಬಹುದೆಂದು ಹೊರಡುವ ಮುನ್ನವೇ ನಿಧಾನವಾಗಿ ಮಾತನಾಡಿ. ಉತ್ತರ ಸರಿಯಿರಲೇಬೇಕೆಂದಿಲ್ಲ, ಹತ್ತಿರವಿದ್ದರೆ ಸಾಕು. ಅಣ್ಣ, ತಂಗಿಯ ಅಂಕಗಳನ್ನು ನಡುವೆ ತರಬೇಡಿ. ಅದೇ ಲೆಕ್ಕವನ್ನು ಅದೇ ರೀತಿಯಲ್ಲಿ ಹತ್ತು ಸಲ ಮಾಡಿಸುವ ಟ್ಯೂಷನ್ ಇದ್ದರೆ ಆ ಹಣ ಉಳಿಸಿ. ಇದನ್ನು ವಾಸಿಮಾಡುವ ಮಾತ್ರೆ, ಟಾನಿಕ್ ಯಾವುದೂ ಇಲ್ಲ. ಮೂರು ತಿಂಗಳಲ್ಲಿ ಗ್ಯಾರಂಟಿ ಎಂದು ಕರಪತ್ರ ಹಂಚುವವರನ್ನು ನನ್ನ ಬಳಿ ಕಳುಹಿಸಿ, ಮಾತನಾಡುತ್ತೇನೆ.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಗಣಿತ ಶಿಕ್ಷಕರೂ ನಾನೂ ಕಚೇರಿಯಲ್ಲಿರುತ್ತೇವೆ. ಮಗುವಿನ ಹಳೆಯ ಲೆಕ್ಕದ ಪುಸ್ತಕಗಳನ್ನು ತನ್ನಿ, ಕಳೆದ ವರ್ಷದ್ದಿದ್ದರೆ ಇನ್ನೂ ಒಳ್ಳೆಯದು. ಗೂಡು ಮಾರುಕಟ್ಟೆಗೆ ಹೋಗಬೇಕಾದವರು ಸೋಮವಾರ ಸಂಜೆ ಬರಬಹುದು. ಮಗುವಿನ ಎದುರಿಗೆ ಮಾತನಾಡುವುದು ಬೇಡವೆನಿಸಿದರೆ ಮೊದಲೇ ತಿಳಿಸಿ, ಆ ಹೊತ್ತಿಗೆ ಅವರನ್ನು ಮೈದಾನಕ್ಕೆ ಕಳುಹಿಸೋಣ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ